ಹೊಸ ಗಾಡಿ ಸನ್‌ರೂಫ್ ಸೋರುತ್ತಾ ಇಲ್ವಾ ಅಂತ ಮಳೆ ಹಿಡಿಯೋಕೆ ಮುಂಚೆ ನೋಡೋದು ಹೇಗೆ?

ಹಾನುಬಾಳು_ಪ್ಲಾಂಟರ್ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಹಾಸನದಲ್ಲಿ ಹೊಸ ಎಸ್‌ಯುವಿ ಡೆಲಿವರಿ ತಗೊಂಡ್ವಿ, ಪನೋರಮಿಕ್ (ಮೇಲ್ಛಾವಣಿ ಬಹುಪಾಲು ಗ್ಲಾಸೇ ಇರೋ) ಸನ್‌ರೂಫ್ ಇರೋದು. ನಮಗೆ ಸನ್‌ರೂಫ್ ಬೇಕೇ ಬೇಕು ಅಂತ ಏನಿರ್ಲಿಲ್ಲ, ಅಪ್ಪಂಗೆ ಮಂಡಿ ನೋವು, ಹತ್ತಿ ಇಳಿಯೋಕೆ ಎತ್ತರದ ಸೀಟು ಬೇಕಿತ್ತು, ಡೀಸೆಲ್ ಆಟೋಮ್ಯಾಟಿಕ್ಕೇ ಬೇಕು ಅಂದಾಗ ಟಾಪ್ ವೇರಿಯಂಟಿಗೇ ಹೋಗ್ಬೇಕಾಯ್ತು, ಅದರ ಜೊತೆ ಇದೂ ಬಂತು.

ಈಗ ಚಿಂತೆ ಏನಂದ್ರೆ ಮಳೆ. ನಮ್ಮ ಕಡೆ ಮೃಗಶಿರಾ ಹಿಡಿದ್ರೆ ಆಮೇಲೆ ಆಶ್ಲೇಷ ಮುಗಿಯೋ ತನಕ ಗಾಡಿ ಒಣಗೋದೇ ಇಲ್ಲ, ಗೊತ್ತಲ್ಲ. ಮನೆ ಹತ್ರ ಶೆಡ್ ಇದೆ ಆದ್ರೆ ಅದ್ರಲ್ಲಿ ಪಿಕಪ್ಪು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷೀನು) ಸಾಮಾನು ಎಲ್ಲಾ ತುಂಬಿದೆ, ಹೊಸ ಗಾಡಿ ಅಂಗಳದಿಂದ ಕೆಳಗೆ ಇಳಿಜಾರಲ್ಲಿ ಸಿಲ್ವರ್ ಓಕ್ ಮರದ ಕೆಳಗೇ ನಿಲ್ಲಿಸ್ಬೇಕು, ಸದ್ಯಕ್ಕೆ ಬೇರೆ ಜಾಗ ಇಲ್ಲ. ಪಕ್ಕದ ಎಸ್ಟೇಟಿನವರ ಗಾಡೀಲಿ ಹೋದ ವರ್ಷ ಸನ್‌ರೂಫಿಂದ ನೀರು ಇಳಿದು ಕೆಳಗಿನ ಕಾರ್ಪೆಟ್ ಪೂರ್ತಿ ನೆನೆದು ಮುಗ್ಗಲು ವಾಸನೆ, ಆಮೇಲೆ ಏನೋ ಸೆನ್ಸರ್ ಲೈಟು ಬರೋಕೆ ಶುರುವಾಗಿ ತಿಂಗಳುಗಟ್ಟಲೆ ಸರ್ವಿಸ್ ಸೆಂಟರಿಗೆ ಓಡಾಡಿದ್ರು. ಅದನ್ನ ಕಣ್ಣಾರೆ ನೋಡಿದ ಮೇಲೆ ನನಗೆ ಸಮಾಧಾನ ಇಲ್ಲ.

ಶೋರೂಮಲ್ಲಿ ಕೇಳಿದ್ರೆ "ಸಾರ್ ಫ್ಯಾಕ್ಟರೀಲೇ ಶವರ್ ಟೆಸ್ಟ್ ಆಗಿ ಬಂದಿರುತ್ತೆ, ಟೆನ್ಷನ್ ತಗೋಬೇಡಿ" ಅಂತಾರೆ. ಇರ್ಬಹುದು, ಆದ್ರೂ ನಾನೇ ಒಂದ್ಸಲ ನೋಡ್ಕೋಬೇಕು. ಮನೇಲಿ ಹೇಗೆ ಚೆಕ್ ಮಾಡೋದು? ವಾಟರ್ ಸರ್ವಿಸ್‌ಗೆ ಬಿಟ್ಟು ಪ್ರೆಶರ್ ಗನ್ನಲ್ಲಿ ಮೇಲಿಂದ ಹೊಡೆಸಿದ್ರೆ ಗೊತ್ತಾಗಲ್ವಾ? ಮುಂಚಿತವಾಗಿ ಗ್ಲಾಸ್ ಸುತ್ತ ಸಿಲಿಕೋನ್ ಹಾಕ್ಸಿಬಿಡೋದು ಒಳ್ಳೇದಾ? ಸೋರಿದ್ರೆ ವಾರಂಟೀಲಿ ಮಾಡಿಕೊಡ್ತಾರಾ? ಗೊತ್ತಿರೋರು ದಯವಿಟ್ಟು ವಿವರವಾಗಿ ತಿಳಿಸಿ, ಮೃಗಶಿರಾ ಇನ್ನೇನು ಹತ್ರಾನೇ ಬಂತು.

ಬಿಎಂ_ರೋಡ್_ಗ್ಯಾರೇಜ್ (ಹಾಸನ)

ಸಾರ್, ಮೊದಲು ಸಿಲಿಕೋನ್ ವಿಷಯ ಹೇಳಿಬಿಡ್ತೀನಿ, ದಯವಿಟ್ಟು ಹಾಕ್ಸಬೇಡಿ. ತೆಗೆದು ಮುಚ್ಚೋ ಗ್ಲಾಸಿಗೆ ಸಿಲಿಕೋನ್ ಹಾಕಿದ್ರೆ ಮೋಟರ್ ಎಳೆಯೋವಾಗ ಬೀಡಿಂಗ್ ಕಿತ್ಕೊಂಡು ಬರುತ್ತೆ, ವಾರಂಟಿ ಕೇಳೋಕೆ ಹೋದ್ರೆ ಹೊರಗಡೆ ಕೈ ಹಾಕಿಸಿದ್ದೀರ ಅಂತ ಮುಖದ ಮೇಲೆ ಹೇಳ್ತಾರೆ.

ಇದರಲ್ಲಿ ಜನ ತಪ್ಪು ತಿಳ್ಕೊಂಡಿರೋದು ಒಂದೇ ವಿಷಯ. ಗ್ಲಾಸ್ ಸುತ್ತ ಇರೋ ರಬ್ಬರ್ ಬೀಡಿಂಗು ನೀರನ್ನ ಪೂರ್ತಿ ತಡೀಬೇಕು ಅಂತ ಅಂದ್ಕೊಂಡಿರ್ತಾರೆ, ಹಾಗಿಲ್ಲ. ಬೀಡಿಂಗ್ ಬಹುಪಾಲು ತಡೆಯುತ್ತೆ, ಸ್ವಲ್ಪ ನೀರು ಒಳಗೆ ಬಂದೇ ಬರುತ್ತೆ, ಬರ್ಲಿ ಅಂತಾನೇ ಡಿಸೈನ್ ಮಾಡಿರ್ತಾರೆ. ಹಂಚಿನ ಮನೆ ಸೂರಿಗೆ ತಗಡಿನ ದೋಣಿ ಕಟ್ಟಿರ್ತೀವಲ್ಲ, ಅದೇ ತರ ಗ್ಲಾಸ್ ಕೆಳಗೆ ಸುತ್ತ ಒಂದು ಟ್ರೇ ಇರುತ್ತೆ, ಬಂದ ನೀರು ಅದರಲ್ಲಿ ಹರಿದು ಮೂಲೆಗಳಲ್ಲಿರೋ ತೂತಿಗೆ ಹೋಗುತ್ತೆ, ಅಲ್ಲಿಂದ ಸಣ್ಣ ಪೈಪಲ್ಲಿ ಕೆಳಗೆ ಇಳಿಯುತ್ತೆ. ಸಾಮಾನ್ಯವಾಗಿ ನಾಲ್ಕು ಮೂಲೆಗೆ ನಾಲ್ಕು ಪೈಪು. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗಿಂದ ಇಳಿದು ಮುಂದಿನ ಬಾಗಿಲ ಹಿಂಜ್ ಹತ್ರನೋ ಫೆಂಡರ್ ಒಳಗೋ ಬಿಡುತ್ತೆ, ಹಿಂದಿನ ಎರಡು ಹಿಂದಿನ ಪಿಲ್ಲರ್ ಒಳಗಿಂದ ಹೋಗಿ ಹಿಂದಿನ ಚಕ್ರದ ಹತ್ರನೋ ಬಂಪರ್ ಹಿಂದೆನೋ ಬಿಡುತ್ತೆ. ನಿಮ್ಮ ಮಾಡೆಲಲ್ಲಿ ಎಲ್ಲೆಲ್ಲಿ ಬರುತ್ತೆ ಅಂತ ಸರ್ವಿಸ್ ಅಡ್ವೈಸರ್ ಹತ್ರ ಕೇಳಿ, ಅವರ ಮ್ಯಾನ್ಯುಯಲಲ್ಲಿ ಚಿತ್ರ ಇರುತ್ತೆ.

ಹಂಗಾಗಿ ನೀವು ನೋಡ್ಬೇಕಾಗಿರೋದು ನೀರು ಒಳಗೆ ಬಂತಾ ಅಂತ ಅಲ್ಲ, ಬಂದ ನೀರು ಹೊರಗೆ ಹೋಯ್ತಾ ಅಂತ. ನನ್ನ ಹತ್ರ ಸೋರುತ್ತೆ ಅಂತ ಬರೋ ಗಾಡಿಗಳಲ್ಲಿ ಬೀಡಿಂಗ್ ಕೆಟ್ಟಿರೋದು ಕಡಿಮೆ, ಪೈಪ್ ಕಟ್ಟಿಕೊಂಡಿರೋದು ಇಲ್ಲ ಜಾಯಿಂಟಲ್ಲಿ ಕಳಚಿಕೊಂಡಿರೋದೇ ಜಾಸ್ತಿ.

ಮನೇಲಿ ಹೀಗೆ ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸಿಮೆಂಟ್ ಕಣ ಇದ್ರೆ ಬಹಳ ಒಳ್ಳೇದು, ಕೆಳಗೆ ನೀರು ಬಿದ್ದಿದ್ದು ಚೆನ್ನಾಗಿ ಕಾಣುತ್ತೆ. ಸನ್‌ರೂಫ್ ಪೂರ್ತಿ ತೆಗೀರಿ. ಒಳಗೆ ಮ್ಯಾಟ್ ತೆಗೆದು ಕಾರ್ಪೆಟ್ ಮೇಲೆ ಹಳೇ ನ್ಯೂಸ್‌ಪೇಪರ್ ಹಾಸಿ, ಒಂದು ಹನಿ ಬಿದ್ರೂ ಪೇಪರಲ್ಲಿ ಕಲೆ ಗೊತ್ತಾಗುತ್ತೆ. ಈಗ ಮೇಲೆ ಟ್ರೇ ಮುಂದಿನ ಮೂಲೆ ನೋಡಿ, ಕಿರುಬೆರಳೂ ತೂರದಷ್ಟು ಸಣ್ಣ ತೂತು ಇರುತ್ತೆ. ಸಣ್ಣ ಮೂತಿ ಇರೋ ಬಾಟಲೀಲಿ ಅದರ ಹತ್ರ ನಿಧಾನವಾಗಿ ನೀರು ಹುಯ್ಯಿರಿ, ಒಂದೇ ಸಲ ಸುರೀಬೇಡಿ, ಟ್ರೇ ತುಂಬಿ ಚೆಲ್ಲಿದ್ರೆ ಲೈನಿಂಗ್ ನೆನೆದು ನೀವೇ ಕಲೆ ಮಾಡಿದ ಹಾಗಾಗುತ್ತೆ. ಇನ್ನೊಬ್ಬರು ಕೆಳಗೆ ಕೂತು ನೋಡ್ಬೇಕು. ಸ್ವಲ್ಪ ಹೊತ್ತಲ್ಲೇ ಆ ಕಡೆ ಚಕ್ರದ ಹಿಂದೆ ಸಣ್ಣ ಧಾರೆಯಾಗಿ ನೀರು ಬರ್ಬೇಕು. ಧಾರೆ ಬಂದ್ರೆ ಪೈಪ್ ಓಕೆ. ತೊಟ್ಟು ತೊಟ್ಟಾಗಿ ಬಂದ್ರೆ ಅರ್ಧ ಕಟ್ಟಿದೆ. ಟ್ರೇಯಲ್ಲಿ ನೀರು ನಿಂತೇ ಇದ್ರೆ ಪೂರ್ತಿ ಕಟ್ಟಿದೆ. ಟ್ರೇ ಖಾಲಿಯಾಯ್ತು ಆದ್ರೆ ಕೆಳಗೆ ಏನೂ ಬರ್ಲಿಲ್ಲ ಅಂದ್ರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು, ಪೈಪ್ ಒಳಗಡೆ ಎಲ್ಲೋ ಕಳಚಿದೆ, ನೀರು ಪಿಲ್ಲರ್ ಒಳಗೆ ಇಳೀತಾ ಇದೆ, ತಕ್ಷಣ ನಿಲ್ಲಿಸಿ.

ಪನೋರಮಿಕಲ್ಲಿ ಹಿಂದಿನ ತೂತುಗಳು ಕೈಗೆ ಸಿಗೋದು ಕಷ್ಟ, ಎಷ್ಟೋ ಗಾಡೀಲಿ ಹಿಂದಿನ ಗ್ಲಾಸ್ ಫಿಕ್ಸ್ ಇರುತ್ತೆ. ಅದಕ್ಕೆ ಗಾಡಿ ಮೂತಿ ಮೇಲಾಗಿ ಇಳಿಜಾರಲ್ಲಿ ನಿಲ್ಲಿಸಿ ಪಕ್ಕದ ಚಾನೆಲ್‌ಗೆ ನೀರು ಬಿಡಿ, ತಾನಾಗೇ ಹಿಂದಕ್ಕೆ ಹರಿಯುತ್ತೆ.

ಪ್ರೆಶರ್ ಗನ್ ಬೇಡ ಸಾರ್. ಮಳೆ ಮೇಲಿಂದ ಬೀಳುತ್ತೆ, ಗನ್ ನೀರು ಹತ್ರದಿಂದ ಬೀಡಿಂಗ್ ಸಂದಿಗೆ ನುಗ್ಗುತ್ತೆ, ಚೆನ್ನಾಗಿರೋ ಗಾಡೀಲೂ ನೀರು ಒಳಗೆ ಬರಬಹುದು. ಅದ್ರಿಂದ ಏನೂ ತಿಳಿಯಲ್ಲ, ಬೀಡಿಂಗ್ ಮಡಚಿಕೊಂಡ್ರೆ ಹೊಸ ತಲೆನೋವು ಬೇರೆ.

ಕೊಟ್ಟಿಗೆಹಾರ_ಮಳೆ (ಮೂಡಿಗೆರೆ)

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಗಾಡೀಲಿ ಆಗಿದ್ದನ್ನ ಬರೀತೀನಿ, ಕಂಪನಿ ಹೆಸರು ಬೇಡ, ಉಪಯೋಗ ಆಗ್ಬಹುದು ಅಂತ ಅಷ್ಟೆ.

ಹೋದ ವರ್ಷ ಪುನರ್ವಸು ಮಳೇಲಿ ಚಾರ್ಮಾಡಿ ಇಳೀತಾ ಇದ್ದೆ. ನಿಂತಿದ್ದಾಗ ಒಂದು ಹನಿ ಇಲ್ಲ, ಮನೇಲಿ ರಾತ್ರಿಯೆಲ್ಲಾ ಮಳೇಲಿ ನಿಂತಿದ್ರೂ ಸೀಟು ಒಣಗೇ ಇತ್ತು. ಘಾಟಿ ತಿರುವಲ್ಲಿ ಬ್ರೇಕ್ ಹಾಕಿದ ತಕ್ಷಣ ಮುಂದೆ ಮಧ್ಯದಲ್ಲಿರೋ ರೂಫ್ ಲೈಟಿನ ಸಂದಿಯಿಂದ ನೀರು ಗೇರ್ ಮೇಲೆ ಸುರೀತು, ತಣ್ಣಗೆ, ಒಂದು ಲೋಟದಷ್ಟು. ಮುಂದಿನ ತಿರುವಲ್ಲಿ ಮತ್ತೆ. ಪಕ್ಕದಲ್ಲಿ ಹೆಂಡತಿ ಮಗೂನ ಮಡಿಲಲ್ಲಿ ಇಟ್ಕೊಂಡಿದ್ಲು, ಗಾಬರಿ ಆದ್ಲು. ಆಮೇಲೆ ಗೊತ್ತಾಗಿದ್ದು, ಟ್ರೇಯಲ್ಲಿ ನೀರು ನಿಂತಿತ್ತು, ಗಾಡಿ ಮೂತಿ ಕೆಳಗಾಗಿ ಬ್ರೇಕ್ ಬಿದ್ದಾಗ ಅಷ್ಟೂ ಮುಂದಕ್ಕೆ ನುಗ್ಗಿ ಚೆಲ್ಲುತ್ತೆ ಅಂತ. ಹಾಗಾಗಿ ಮನೇಲಿ ನಿಲ್ಲಿಸಿ ಟೆಸ್ಟ್ ಮಾಡಿದ ಮೇಲೆ ಒಂದು ರೌಂಡ್ ಓಡಿಸಿ ನೋಡಿ ಮಾರಾಯ್ರೆ, ಬ್ರೇಕ್ ಹಾಕಿ, ಎಡಕ್ಕೆ ಬಲಕ್ಕೆ ತಿರುಗಿಸಿ. ನಿಂತ ಗಾಡೀಲಿ ಕಾಣದ್ದು ಓಡೋ ಗಾಡೀಲಿ ಕಾಣುತ್ತೆ.

ಸರ್ವಿಸ್ ಸೆಂಟರಲ್ಲಿ ಎಡಗಡೆ ಪಿಲ್ಲರ್ ಟ್ರಿಮ್ ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪೈಪು ಬೆಂಡಾಗಿ ಮಡಚಿಕೊಂಡು ಕೂತಿತ್ತು, ಜೋಡಿಸೋವಾಗಲೇ ಹಾಗೆ ಸಿಕ್ಕಿಕೊಂಡಿದೆ. ನೆಟ್ಟಗೆ ಮಾಡಿ ಕ್ಲಿಪ್ ಹಾಕಿದ್ರು, ಆವತ್ತಿಂದ ಸಮಸ್ಯೆ ಇಲ್ಲ, ಆಮೇಲಿನ ಅಷ್ಟೂ ಮಳೆ ನೋಡಿದೆ. ಇನ್ನೊಂದು ಮುಖ್ಯವಾದ ಮಾತು, ಆ ಪಿಲ್ಲರ್ ಟ್ರಿಮ್‌ನ ನೀವು ಮನೇಲಿ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸೋಕೆ ಹೋಗ್ಬೇಡಿ, ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್ ಇರುತ್ತೆ. ಅದು ಸರ್ವಿಸ್‌ನವರೇ ಮಾಡ್ಬೇಕಾದ ಕೆಲಸ.

ಕಾರ್ಪೆಟ್ ಒದ್ದೆ ಆಗಿದೆಯಾ ಅಂತ ಮೇಲಿಂದ ಮುಟ್ಟಿ ನೋಡಿದ್ರೆ ಗೊತ್ತಾಗಲ್ಲ. ಕೆಳಗೆ ದಪ್ಪ ಫೋಮ್ ಇರುತ್ತೆ, ನೀರೆಲ್ಲಾ ಅದು ಕುಡ್ಕೊಂಡಿರುತ್ತೆ. ಟಿಶ್ಯೂ ಪೇಪರ್ ಇಟ್ಟು ಮಂಡಿ ಊರಿ ಒತ್ತಿ ಹಿಡೀರಿ, ಒದ್ದೆ ಇದ್ರೆ ಟಿಶ್ಯೂಗೆ ಬರುತ್ತೆ. ಬೆಳಿಗ್ಗೆ ಗಾಡಿ ತೆಗೆಯೋವಾಗ ಗ್ಲಾಸ್ ಒಳಗಡೆಯಿಂದ ವಿಪರೀತ ಮಂಜು ಹಿಡಿದಿದ್ರೂ ಅನುಮಾನ ಪಡಿ. ಫೋಮ್ ನೆನೆದಿದ್ರೆ ಬಾಗಿಲು ತೆಗೆದು ಬಿಸಿಲಲ್ಲಿ ಇಟ್ರೆ ಒಣಗಲ್ಲ, ಕಾರ್ಪೆಟ್ ಎತ್ತಲೇಬೇಕು, ನಮ್ಮೂರಲ್ಲಿ ಮಳೆಗಾಲದಲ್ಲಿ ಬಿಸಿಲೆಲ್ಲಿದೆ. ಸೀಟ್ ಕೆಳಗೆ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಕನೆಕ್ಟರ್ ಎಲ್ಲಾ ಇರುತ್ತೆ, ಕೆಲವು ಗಾಡೀಲಿ ಕಂಟ್ರೋಲ್ ಯೂನಿಟ್ಟೂ ಅಲ್ಲೇ. ನಿಮ್ಮ ಪಕ್ಕದ ಎಸ್ಟೇಟಿನವರಿಗೆ ಸೆನ್ಸರ್ ಲೈಟು ಬಂದಿದ್ದು ಅದಕ್ಕೇ ಇರ್ಬೇಕು.

ಅರಸೀಕೆರೆ_ತೆಂಗು

ನಮ್ಮ ಕಡೆ ಮಳೆನೇ ಇಲ್ಲ ನಮಗೇನು ಅಂತ ನಮ್ಮೋರು ಓದಿ ಸುಮ್ನಾಗ್ಬೇಡಿ. ಬಯಲುಸೀಮೇಲಿ ಧೂಳೇ ಸಮಸ್ಯೆ. ಬೇಸಿಗೆಯೆಲ್ಲಾ ಸನ್‌ರೂಫ್ ತೆಗೆದು ತೋಟದ ಮಣ್ಣು ರಸ್ತೇಲಿ ಓಡಾಡಿರ್ತೀವಿ, ಆ ಕೆಂಪು ಧೂಳು ಟ್ರೇಯಲ್ಲಿ ಕೂತಿರುತ್ತೆ, ಮೊದಲನೇ ಮಳೆಗೆ ಕೆಸರಾಗಿ ಪೈಪೊಳಗೆ ಹೋಗಿ ಅಲ್ಲೇ ಗಟ್ಟಿಯಾಗುತ್ತೆ. ಕಡೂರು, ಬೀರೂರು ಕಡೇನೂ ಇದೇ ಕತೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೇಲಿ ಟ್ರೇ ಒರೆಸಿ, ಧೂಳನ್ನ ತೂತಿನ ಕಡೆಗೆ ತಳ್ಳಬೇಡಿ, ತೂತಿಂದ ಆಚೆಗೆ ಎಳೆದು ತೆಗೀರಿ.

ಒಂದು ಪ್ರಶ್ನೆ, ಪೈಪ್ ಕಟ್ಟಿದ್ರೆ ಪಂಕ್ಚರ್ ಅಂಗಡೀಲಿ ಏರ್ ಹೊಡೆಸಿದ್ರೆ ಆಗಲ್ವಾ?

ಬಿಎಂ_ರೋಡ್_ಗ್ಯಾರೇಜ್ (ಹಾಸನ)

ಅಣ್ಣ ಅದು ಬೇಡ. ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಜೋರು, ಪೈಪ್ ಬರೀ ಒತ್ತಿ ಸಿಕ್ಕಿಸಿರೋದು, ಕೆಳಗೆ ಕಟ್ಟಿದ್ರೆ ಗಾಳಿ ಹೊಡೆದಾಗ ಜಾಯಿಂಟ್ ಕಳಚಿಕೊಳ್ಳುತ್ತೆ. ಆಗ ಮೇಲೆ ಹೇಳಿದ್ನಲ್ಲ, ನೀರೆಲ್ಲಾ ಪಿಲ್ಲರ್ ಒಳಗೆ.

ತೋಟದೋರ ಹತ್ರ ಇದಕ್ಕೆ ಒಳ್ಳೆ ಸಾಮಾನು ಇದ್ದೇ ಇರುತ್ತೆ. ಕಳೆ ಹೊಡೆಯೋ ವೀಡ್ ಕಟರ್‌ಗೆ ಹಾಕ್ತೀರಲ್ಲ ನೈಲಾನ್ ದಾರ, ಅದನ್ನ ತಗೊಳ್ಳಿ, ದುಂಡಗಿರೋ ಸಣ್ಣದು, ಚೌಕದ್ದು ಬೇಡ. ತುದಿನ ಬೆಂಕಿಗೆ ಸ್ವಲ್ಪ ಹಿಡಿದು ದುಂಡಗೆ ಮಾಡ್ಕೊಳ್ಳಿ, ಕತ್ತರಿಸಿದ ಚೂಪು ತುದಿ ಪೈಪನ್ನ ಕೊರೆಯುತ್ತೆ. ಮೇಲಿಂದ ಮೆಲ್ಲಗೆ ತಿರುಗಿಸ್ತಾ ಬಿಡಿ, ತಡೆದ್ರೆ ಬಲ ಹಾಕ್ಬೇಡಿ, ಹಿಂದೆ ಎಳೆದು ಮತ್ತೆ ಬಿಡಿ, ಜೊತೆಗೆ ಸ್ವಲ್ಪ ಉಗುರು ಬೆಚ್ಚಗಿನ ನೀರು. ತಂತಿ, ಸೈಕಲ್ ಕಡ್ಡಿ, ಬ್ರೇಕ್ ಕೇಬಲ್ಲು ಯಾವುದೂ ಬೇಡ. ಆದ್ರೆ ಹೊಸ ಗಾಡಿಗೆ ಇದನ್ನೂ ನೀವು ಮಾಡ್ಬೇಡಿ, ವಾರಂಟಿ ಇರೋ ತನಕ ಅವರ ಕೈಲೇ ಮಾಡಿಸಿ, ಹಳೇ ಗಾಡಿ ಇರೋರಿಗೆ ಹೇಳಿದೆ.

ಮಲ್ಲಂದೂರು_ರಸ್ತೆ (ಚಿಕ್ಕಮಗಳೂರು)

ಎಲ್ಲರೂ ಸನ್‌ರೂಫ್ ಸನ್‌ರೂಫ್ ಅಂತಿದ್ದೀರಿ, ಆದ್ರೆ ಗಾಡಿ ಒಳಗೆ ನೀರು ಕಂಡ ಕೂಡಲೇ ಸನ್‌ರೂಫೇ ಅಂತ ತೀರ್ಮಾನ ಮಾಡಿಬಿಟ್ರೆ ತಪ್ಪು ಜಾಗ ಬಿಚ್ಚಿಸ್ತೀರಿ. ಮುಂದಿನ ಎಡಗಡೆ ಸೀಟಿನ ಕಾಲ ಹತ್ರ ಮಾತ್ರ ನೀರಿದ್ದು, ಏಸಿ ಹಾಕಿದ ದಿನ ಮಾತ್ರ ಬರ್ತಿದ್ರೆ ಅದು ಏಸಿ ನೀರಿನ ಪೈಪ್ ಕಟ್ಟಿರೋದು, ಮಳೆಗೂ ಅದಕ್ಕೂ ಸಂಬಂಧ ಇಲ್ಲ. ವೈಪರ್ ಕೆಳಗೆ ಬಾನೆಟ್ ಹಿಂದೆ ಒಂದು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅಲ್ಲಿ ಎಲೆ ತುಂಬಿದ್ರೆ ನೀರು ನಿಂತು ಬ್ಲೋವರ್ ಕಡೆಯಿಂದ ಒಳಗೆ ಬರಬಹುದು. ಸಿಲ್ವರ್ ಓಕ್ ಕೆಳಗೆ ನಿಲ್ಲಿಸೋರಿಗೆ ಇದು ಗ್ಯಾರಂಟಿ ಸಮಸ್ಯೆ, ಆ ಎಲೆ ಸೀಳು ಸೀಳಾಗಿರೋದ್ರಿಂದ ಎಲ್ಲಾ ಸಂದೀಲೂ ತೂರುತ್ತೆ. ಕಾಫಿ ಹೂವಾದ ಮೇಲೆ ಉದುರೋ ಎಸಳೂ ಅಷ್ಟೆ, ಒದ್ದೆ ಆಗಿ ಅಂಟಿಕೊಂಡ್ರೆ ಬಿಡಲ್ಲ. ಇದಲ್ಲದೆ ಮೇಲಿನ ರೂಫ್ ರೈಲಿನ ಬೋಲ್ಟ್, ಹಿಂದಿನ ಶಾರ್ಕ್ ಫಿನ್ ಆಂಟೆನಾ ಕೆಳಗಿನ ಗ್ಯಾಸ್ಕೆಟ್, ವಿಂಡ್‌ಶೀಲ್ಡ್ ಅಂಟು, ಡಿಕ್ಕಿ ಬೀಡಿಂಗ್ ಇವೂ ಸೋರಬಹುದು.

ಎಲ್ಲಿಂದ ಅಂತ ಬೇರೆ ಮಾಡಿ ತಿಳೀಬೇಕು ಅಂದ್ರೆ ತೋಟದ ಹೋಸ್ ಪೈಪು ಸಾಕು. ಸನ್‌ರೂಫ್ ಮುಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ನೀರನ್ನ ಕೆಳಗಿಂದ ಮೇಲಕ್ಕೆ ಹೋಗ್ತಾ ಬಿಡಿ, ಮೊದಲು ಬಾಗಿಲು ಕೆಳಭಾಗ, ಆಮೇಲೆ ವಿಂಡ್‌ಶೀಲ್ಡ್ ಬುಡ, ಆಮೇಲೆ ಅದರ ಮೇಲ್ಭಾಗ, ಆಮೇಲೆ ರೈಲು, ಕೊನೆಗೆ ಸನ್‌ರೂಫ್. ಮೊದಲೇ ಮೇಲಿಂದ ಬಿಟ್ರೆ ಎಲ್ಲಾ ಜಾಗಕ್ಕೂ ನೀರು ಹರಿದು ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ಒಂದೊಂದು ಜಾಗದಲ್ಲಿ ಐದು ಹತ್ತು ನಿಮಿಷ ತಾಳ್ಮೆಯಿಂದ ಹಿಡೀಬೇಕು. ಒಳಗಿರೋರು ಪಿಲ್ಲರ್ ಮೇಲಿನ ಬಟ್ಟೆ, ಸನ್‌ವೈಸರ್ ಹಿಂದೆ, ರೂಫ್ ಲೈಟ್ ಸುತ್ತ, ಮೇಲಿನ ಹಿಡಿಕೆಗಳ ಬುಡ ಕೈಯಾಡಿಸಿ ನೋಡ್ತಿರ್ಬೇಕು. ಕಣ್ಣಿಗೆ ಕಾಣೋ ಮುಂಚೆ ಕೈಗೆ ತಣ್ಣಗೆ ಗೊತ್ತಾಗುತ್ತೆ.

ಬೀಡಿಂಗ್ ಬಗ್ಗೆ ಅನುಮಾನ ಇದ್ರೆ ಒಂದು ಪೇಪರ್ ಚೂರು ಮಧ್ಯ ಇಟ್ಟು ಗ್ಲಾಸ್ ಮುಚ್ಚಿ ಎಳೆದು ನೋಡಿ, ಸುತ್ತಲೂ ಒಂದೇ ಸಮ ಬಿಗಿ ಇರ್ಬೇಕು, ಒಂದು ಕಡೆ ಸಲೀಸಾಗಿ ಬಂದ್ರೆ ಅಲ್ಲಿ ಗ್ಲಾಸ್ ಸರಿಯಾಗಿ ಕೂತಿಲ್ಲ. ಮುಚ್ಚಿದಾಗ ಗ್ಲಾಸು ರೂಫಿಗೆ ಸಮ ಇದೆಯಾ ಅಂತ ಅಂಗೈ ಸವರಿ ನೋಡಿ. ಎತ್ತರ ಅಡ್ಜಸ್ಟ್ ಮಾಡೋ ಸ್ಕ್ರೂ ಇರುತ್ತೆ, ಸರ್ವಿಸಲ್ಲಿ ಸರಿ ಮಾಡ್ತಾರೆ.

ವಾರಂಟಿ ವಿಷಯ. ಪೈಪ್ ಕಳಚಿರೋದು, ಮಡಚಿರೋದು, ಗ್ಲಾಸ್ ಸರಿಯಾಗಿ ಕೂರದೇ ಇರೋದು ಎಲ್ಲಾ ತಯಾರಿಕೆ ದೋಷ, ಅದನ್ನ ಅವರೇ ಸರಿ ಮಾಡಿ ಕೊಡ್ಬೇಕು. ಎಲೆ ಕಸ ಕಟ್ಟಿರೋದು ಮೇಂಟೆನೆನ್ಸ್ ಅಂತ ಜಾರಿಕೊಳ್ತಾರೆ. ಅದಕ್ಕೇ ಈಗಲೇ, ಗಾಡಿ ಹೊಸದಾಗಿರೋವಾಗಲೇ ಟೆಸ್ಟ್ ಮಾಡಿ ವಿಡಿಯೋ ಇಟ್ಕೊಳ್ಳಿ. ಏನಾದ್ರೂ ಕಂಡ್ರೆ ಫೋನಲ್ಲಿ ಹೇಳಿ ಬಿಡ್ಬೇಡಿ, ಗಾಡಿ ಒಯ್ದು ಜಾಬ್ ಕಾರ್ಡ್ (ಸರ್ವಿಸ್ ಸೆಂಟರಿನವರು ನಿಮ್ಮ ದೂರು ಬರೆದುಕೊಳ್ಳೋ ಪೇಪರ್) ಮಾಡಿಸಿ, ಅದರಲ್ಲಿ "ಸನ್‌ರೂಫಿಂದ ನೀರು ಸೋರಿಕೆ" ಅಂತ ನಿಮ್ಮ ಮಾತಲ್ಲೇ ಬರೆಸಿ, "ಜನರಲ್ ಚೆಕಪ್" ಅಂತ ಬರೆದ್ರೆ ಸಹಿ ಹಾಕ್ಬೇಡಿ. ಇಷ್ಟರ ಮೇಲೂ ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಗಾಡಿ ಬೆಂಗಳೂರಲ್ಲಿ ತಗೊಂಡಿದ್ರೂ ಹಾಸನದೋರು ಹಾಸನದಲ್ಲೇ ಹಾಕಬಹುದು. ಎರಡು ವರ್ಷದ ಒಳಗೆ ಹಾಕ್ಬೇಕು. ಅಲ್ಲಿ ಕೆಲಸಕ್ಕೆ ಬರೋದು ಈ ಜಾಬ್ ಕಾರ್ಡೇ.

ಇನ್ನೂ ಗಾಡಿ ತಗೊಳ್ಳದೇ ಇರೋರು ಇದನ್ನ ಓದ್ತಿದ್ರೆ, ರಿಜಿಸ್ಟ್ರೇಷನ್ ಆಗೋಕೆ ಮುಂಚೆ ಯಾರ್ಡಿಗೆ ಹೋಗಿ ಪಿಡಿಐ (ಡೆಲಿವರಿಗೆ ಮುಂಚೆ ಗಾಡಿ ಪರೀಕ್ಷೆ) ಮಾಡಿ, ಸನ್‌ರೂಫ್ ತೆಗೆದು ಮುಚ್ಚಿ, ಲೈನಿಂಗಲ್ಲಿ ಹಳದಿ ಕಲೆ ಇದೆಯಾ, ಮ್ಯಾಟ್ ಕೆಳಗೆ ಮುಗ್ಗಲು ವಾಸನೆ ಇದೆಯಾ ನೋಡಿ. ನಿಮ್ಮ ಹೆಸರಿಗೆ ನಂಬರ್ ಬಿದ್ದ ಮೇಲೆ ಈ ಗಾಡಿ ಬೇಡ ಬೇರೆ ಕೊಡಿ ಅನ್ನೋದು ಬಹಳ ಕಷ್ಟ.

ಹಾನುಬಾಳು_ಪ್ಲಾಂಟರ್ (ಸಕಲೇಶಪುರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಕಾಫಿ ಕಣದಲ್ಲೇ ನಿಲ್ಲಿಸಿ ಮಾಡಿದ್ವಿ, ತಮ್ಮ ಕೆಳಗೆ ಕೂತ, ಅಮ್ಮ ಒಳಗೆ ಟಾರ್ಚ್ ಹಿಡಿದು ಕೂತ್ರು.

ಮುಂದಿನ ಎರಡೂ ಕಡೆ ಚೆನ್ನಾಗಿ ಧಾರೆ ಬಂತು, ಬಾಗಿಲ ಹಿಂಜ್ ಕೆಳಗೆ. ಹೋಸ್ ಪೈಪಲ್ಲಿ ಕೆಳಗಿಂದ ಮೇಲಕ್ಕೆ ಬಿಟ್ವಿ, ಎಲ್ಲೂ ಏನೂ ಇಲ್ಲ, ಪೇಪರ್ ಒಣಗೇ ಇತ್ತು. ಆಮೇಲೆ ಮೂತಿ ಮೇಲಾಗಿ ಅಂಗಳದ ಇಳಿಜಾರಲ್ಲಿ ನಿಲ್ಲಿಸಿ ಪಕ್ಕದ ಚಾನೆಲ್‌ಗೆ ನೀರು ಬಿಟ್ರೆ ಬಲಗಡೆ ಹಿಂದೆ ಬಂತು, ಎಡಗಡೆ ಹಿಂದೆ ತೊಟ್ಟಿಕ್ಕೋಕೆ ಶುರುವಾಗಿದ್ದು ತುಂಬಾ ಹೊತ್ತಾದ ಮೇಲೆ, ಬಂದ ನೀರೂ ಮಣ್ಣು ಬಣ್ಣ ಇತ್ತು. ಗಾಡಿ ಬಂದು ಇನ್ನೂ ಒಂದು ಮಳೆ ಕಂಡಿಲ್ಲ, ಧೂಳಲ್ಲಿ ಸನ್‌ರೂಫ್ ತೆಗೆದೂ ಇಲ್ಲ. ಇದು ಹೇಗೆ ಸಾಧ್ಯ? ಒಳಗೆ ಲೈನಿಂಗ್ ಒಣಗಿದೆ, ವಾಸನೆ ಇಲ್ಲ. ವಿಡಿಯೋ ಮಾಡಿ ಇಟ್ಟಿದ್ದೀನಿ. ಇದನ್ನ ಹೀಗೇ ಬಿಡಬಹುದಾ?

ಬಿಎಂ_ರೋಡ್_ಗ್ಯಾರೇಜ್ (ಹಾಸನ)

ಬಿಡಬೇಡಿ ಸಾರ್, ನೀವು ಗಾಡಿ ನಿಲ್ಲಿಸೋದೇ ಇಳಿಜಾರಲ್ಲಿ. ಮೂತಿ ಮೇಲಾಗಿ ನಿಂತ್ರೆ ಟ್ರೇ ನೀರೆಲ್ಲಾ ಹಿಂದಿನ ಪೈಪುಗಳಿಗೇ ಬರುತ್ತೆ, ಅದ್ರಲ್ಲೂ ಅಂಗಳ ಎಡಕ್ಕೆ ವಾಲಿದ್ರೆ ಎಲ್ಲಾ ಆ ಒಂದೇ ಪೈಪಿಗೆ. ಆರಿದ್ರ ಮಳೆಗೆ ಅದು ತಡೆಯಲ್ಲ. ಅರ್ಧ ಕಟ್ಟಿದ ಪೈಪು ಸಣ್ಣ ಮಳೆಗೆ ಸುಮ್ನಿರುತ್ತೆ, ರಾತ್ರಿಯೆಲ್ಲಾ ಹೊಡೆಯೋ ಮಳೆಗೆ ಟ್ರೇ ತುಂಬಿ ಹಿಂದಿನ ಸೀಟಿನ ಮೇಲೆ ಇಳಿಯುತ್ತೆ.

ಹೊಸ ಗಾಡೀಲಿ ಮಣ್ಣು ಹೇಗೆ ಅಂದ್ರೆ, ಗಾಡಿ ಯಾರ್ಡಲ್ಲಿ ಬಹಳ ದಿನ ನಿಂತಿದ್ರೆ ಪೈಪಿನ ಕೆಳಗಿನ ಬಾಯಿಗೆ ಕುಂಬಾರ ಹುಳ ಬಂದು ಗೂಡು ಕಟ್ಟುತ್ತೆ. ಇಂಥ ತೂತಂದ್ರೆ ಅದಕ್ಕೆ ಬಹಳ ಇಷ್ಟ. ಗಾಡಿ ತಯಾರಾದ ತಿಂಗಳು ಯಾವುದು ಅಂತ ಬಾಗಿಲ ಹತ್ರ ಇರೋ ಪ್ಲೇಟಲ್ಲೋ ಇನ್‌ವಾಯ್ಸ್ ಪೇಪರಲ್ಲೋ ನೋಡಿ. ಹೇಗಿದ್ರೂ ನೀವು ಕೈ ಹಾಕ್ಬೇಡಿ, ಒಯ್ದು ಜಾಬ್ ಕಾರ್ಡ್ ಮಾಡಿಸಿ, ಹಿಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ ಪೈಪಿನ ಬಾಯಿ ನೋಡೋಕೆ ಹೇಳಿ. ಮೇಲಿಂದ ಏರ್ ಹೊಡೆಯೋಕೆ ಬಿಡ್ಬೇಡಿ, ಪಕ್ಕದಲ್ಲೇ ನಿಂತಿರಿ.

ಹಾನುಬಾಳು_ಪ್ಲಾಂಟರ್ (ಸಕಲೇಶಪುರ)

ಅಣ್ಣ, ನೀವು ಹೇಳಿದ್ದೇ! ಇವತ್ತು ಹಾಸನಕ್ಕೆ ಒಯ್ದಿದ್ದೆ. ಮೊದಲು ಅಡ್ವೈಸರ್ "ಒಳಗೆ ನೀರು ಬಂದಿಲ್ವಲ್ಲ ಸಾರ್, ಮತ್ತೇನು" ಅಂದ್ರು, ವಿಡಿಯೋ ತೋರಿಸಿ ಬಲಗಡೆದೂ ಎಡಗಡೆದೂ ಪಕ್ಕ ಪಕ್ಕ ಇಟ್ಟ ಮೇಲೆ ಒಪ್ಪಿಕೊಂಡು ಜಾಬ್ ಕಾರ್ಡ್ ಮಾಡಿದ್ರು. ಎಡಗಡೆ ಲೈನರ್ ಬಿಚ್ಚಿದಾಗ ಪೈಪಿನ ತುದೀಲಿರೋ ರಬ್ಬರ್ ಬಾಯೊಳಗೆ ಬೆರಳಿನ ಉಗುರಿನಷ್ಟು ಗಟ್ಟಿ ಮಣ್ಣು, ಒಂದು ಕಡೆ ಮಾತ್ರ ಸಣ್ಣ ಸಂದಿ, ಅಲ್ಲಿಂದಾನೇ ತೊಟ್ಟಿಕ್ಕುತ್ತಿದ್ದಿದ್ದು. ಮೆಕ್ಯಾನಿಕ್ ಹುಡುಗ ಬಹಳ ನಿಧಾನಕ್ಕೆ ಬಿಡಿಸಿ ತೆಗೆದ, ಒಳಗೆ ಹುಳದ ಗೂಡಿನ ತರಾನೇ ಟೊಳ್ಳು ಇತ್ತು. ಆಮೇಲೆ ಮೇಲಿಂದ ನೀರು ಬಿಟ್ರೆ ಬಲಗಡೆಯಷ್ಟೇ ಧಾರೆ. ದುಡ್ಡು ತಗೊಳ್ಲಿಲ್ಲ. ಜಾಬ್ ಕಾರ್ಡಲ್ಲಿ "ಎಡ ಹಿಂಭಾಗದ ಸನ್‌ರೂಫ್ ಡ್ರೈನ್ ಬ್ಲಾಕ್, ಸರಿಪಡಿಸಲಾಗಿದೆ" ಅಂತ ಬರೆಸಿಕೊಂಡೆ.

ಬರೋವಾಗ ಬಾಳುಪೇಟೆ ಹತ್ರ ಒಂದು ಜೋರು ಮಳೆ ಸಿಕ್ತು, ಬ್ರೇಕ್ ಹಾಕಿ ತಿರುಗಿಸಿ ಎಲ್ಲಾ ನೋಡಿದೆ, ಒಂದು ಹನಿ ಇಲ್ಲ. ಇನ್ನೊಂದು ಕೇಳೋದಿತ್ತು, ಬೀಡಿಂಗಿಗೆ ಗ್ರೀಸ್ ಹಚ್ಬೇಕು ಅಂತ ಒಬ್ಬರು ಹೇಳಿದ್ರು, ಯಾವ ಗ್ರೀಸು? ಮನೇಲಿ ಪಲ್ಪರಿಗೆ ಹಾಕೋ ಗ್ರೀಸ್ ಇದೆ.

ಬಿಎಂ_ರೋಡ್_ಗ್ಯಾರೇಜ್ (ಹಾಸನ)

ಒಳ್ಳೇದಾಯ್ತು ಸಾರ್. ಪಲ್ಪರ್ ಗ್ರೀಸ್ ಬೇಡವೇ ಬೇಡ, ಅದು ಪೆಟ್ರೋಲಿಯಂದು, ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಎಂಜಿನ್ ಆಯಿಲ್ಲು, ಕೊಬ್ಬರಿ ಎಣ್ಣೆ, ವ್ಯಾಸಲೀನೂ ಬೇಡ. ಬೀಡಿಂಗನ್ನ ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ ರಬ್ಬರಿಗೆ ಅಂತಾನೇ ಬರೋ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ವರ್ಷಕ್ಕೆ ಎರಡು ಸಲ ಸಾಕು. ಗ್ಲಾಸ್ ಜಾರೋ ಟ್ರ್ಯಾಕಿಗೆ ಬೇರೆ ಗ್ರೀಸ್ ಇರುತ್ತೆ, ಅದನ್ನ ಸರ್ವಿಸಲ್ಲಿ ಅವರೇ ಹಾಕ್ಲಿ. ಮಳೆ ನಿಂತ ಕೂಡಲೇ ಸನ್‌ರೂಫ್ ತೆಗೀಬೇಡಿ, ಗ್ಲಾಸ್ ಮೇಲಿನ ನೀರು ಒಳಗೆ ಸುರಿಯುತ್ತೆ, ಅದು ಸೋರಿಕೆ ಅಲ್ಲ. ಮರದ ಕೆಳಗೆ ನಿಲ್ಲಿಸೋದು ತಪ್ಪದಿದ್ರೆ ವಾರಕ್ಕೊಂದ್ಸಲ ಗ್ಲಾಸ್ ಸುತ್ತ ಸಂದಿ ಮತ್ತೆ ವೈಪರ್ ಜಾಲರಿಯಿಂದ ಎಲೆ ಕೈಯಲ್ಲಿ ಹೆಕ್ಕಿ ತೆಗೀರಿ.

ಬೇಲೂರು_ಪಿಕಪ್

ಥ್ರೆಡ್ ಪೂರ್ತಿ ಓದಿದೆ, ಬಹಳ ಉಪಯೋಗ ಆಯ್ತು. ನಂದು ಡಬಲ್ ಕ್ಯಾಬಿನ್ ಪಿಕಪ್ಪು, ಅದರಲ್ಲಿ ಸನ್‌ರೂಫ್ ಬಂದಿಲ್ಲ. ಬೆಂಗಳೂರಲ್ಲಿ ಒಂದು ಕಡೆ ಹೊರಗಿಂದ ಕೂರಿಸಿಕೊಡ್ತಾರಂತೆ, ಮಗ ಹಠ ಮಾಡ್ತಿದ್ದಾನೆ. ಹಾಕಿಸಬಹುದಾ?

ಬಿಎಂ_ರೋಡ್_ಗ್ಯಾರೇಜ್ (ಹಾಸನ)

ಬೇಡ ಅಣ್ಣ. ಕಂಪನಿ ಗಾಡೀಲಿ ರೂಫಿನ ಫ್ರೇಮು, ಟ್ರೇ, ಪೈಪ್ ಹೋಗೋ ದಾರಿ ಎಲ್ಲಾ ಮೊದಲೇ ಲೆಕ್ಕ ಹಾಕಿ ಮಾಡಿರ್ತಾರೆ. ನಿಮ್ಮ ಪಿಕಪ್ಪಲ್ಲಿ ಗಟ್ಟಿ ತಗಡನ್ನ ಕೊಯ್ದು ಕೂರಿಸ್ಬೇಕು, ರೂಫಿನ ಬಲ ಹೋಗುತ್ತೆ, ಕೊಯ್ದ ಅಂಚಲ್ಲಿ ತುಕ್ಕು ಹಿಡಿಯುತ್ತೆ, ನೀರಿನ ಪೈಪನ್ನ ಎಲ್ಲಿ ಜಾಗ ಸಿಗುತ್ತೋ ಅಲ್ಲಿ ತೂರಿಸಿರ್ತಾರೆ. ವಾರಂಟಿ ಹೋಗುತ್ತೆ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಹೀಗೆ ಬದಲಾಯಿಸೋದೂ ತಪ್ಪು, ನಾಳೆ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರು ಅದನ್ನೇ ಹಿಡ್ಕೊಳ್ತಾರೆ. ಮಗನಿಗೆ ಹೇಳಿ, ಮುಂದಿನ ಗಾಡಿ ತಗೊಳ್ಳೋವಾಗ ಕಂಪನೀಲೇ ಬಂದಿರೋದು ನೋಡೋಣ ಅಂತ.

ಬೇಲೂರು_ಪಿಕಪ್

ಸರಿ ಅಣ್ಣ, ಹಾಕಿಸಲ್ಲ. ಅವನಿಗೆ ಈ ಥ್ರೆಡ್ಡೇ ಕಳಿಸ್ತೀನಿ.